‘ನಾಯಿಗಳಿಗೆ ಸ್ವಾಗತ’ ಎಂದಿರುವ ಕಾಟೇಜಿಗೆ ಬೆಳ್ಳಿಯನ್ನು ಕರೆದೊಯ್ಯುವ ಮುನ್ನ

ಪ್ರಶ್ನೆ: ನಮ್ಮ ಮನೆಯಲ್ಲಿ ಏಳು ವರ್ಷದ ಲ್ಯಾಬ್ರಡಾರ್ ಇದ್ದಾಳೆ, ಹೆಸರು ಬೆಳ್ಳಿ. ಇನ್ನು ಆರು ವಾರಕ್ಕೆ ಐದು ದಿನ ಹಳ್ಳಿಗಾಡಿನ ಒಂದು ಕಾಟೇಜಿನಲ್ಲಿ ಉಳಿಯುವ ಯೋಚನೆ ಇದೆ. ಜಾಹೀರಾತಿನಲ್ಲಿ ‘ನಾಯಿಗಳಿಗೆ ಸ್ವಾಗತ’ ಎಂದಿದೆ. ಸುತ್ತ ತೋಟ, ಪಕ್ಕದಲ್ಲೇ ದನ ಮೇಯುವ ಹುಲ್ಲುಗಾವಲು. ಬೆಳ್ಳಿಗೆ ಕಾರಿನಲ್ಲಿ ವಾಂತಿಯಾಗುತ್ತದೆ. ಕಳೆದ ಸಲ ನೆಂಟರ ಮನೆಯಲ್ಲಿ ಒಂದು ಗಂಟೆ ಒಂಟಿಯಾಗಿ ಬಿಟ್ಟಿದ್ದಕ್ಕೆ ಬಾಗಿಲನ್ನೆಲ್ಲ ಕೆರೆದುಹಾಕಿದ್ದಳು. ಕೆಲವು ತಿಂಗಳಿಂದ ಎದ್ದೇಳುವಾಗ ಹಿಂಗಾಲು ಸ್ವಲ್ಪ ಬಿಗಿಯುತ್ತದೆ. ಕಾಟೇಜಿನವರ ಹತ್ತಿರ ಏನೇನು ವಿಚಾರಿಸಬೇಕು? ಊಟಕ್ಕೆ ಹೊರಗೆ ಹೋಗುವಾಗ ಅವಳನ್ನು ಅಲ್ಲೇ ಬಿಟ್ಟು ಹೋಗಬಹುದೇ? ಅಥವಾ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಬೋರ್ಡಿಂಗಿನಲ್ಲಿ ಬಿಡುವುದೇ ಮೇಲೇ?

ಉತ್ತರ: ಕರೆದುಕೊಂಡು ಹೋಗಿ. ಆದರೆ ಆ ಐದು ದಿನದಲ್ಲಿ ಬೆಳ್ಳಿಯನ್ನು ಆ ಮನೆಯೊಳಗೆ ಒಂಟಿಯಾಗಿ ಬಿಡುವುದಿಲ್ಲ ಎಂದು ಇವತ್ತೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ, ಆಮೇಲೆ ಮುಂಗಡ ಕೊಡಿ. ಈ ಒಂದು ಮಾತಿಗೆ ಒಪ್ಪಿಗೆ ಇಲ್ಲದಿದ್ದರೆ ಅವಳನ್ನು ಬಿಟ್ಟು ಹೋಗುವುದೇ ಅವಳಿಗೂ ನಿಮಗೂ ಕ್ಷೇಮ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಆ ಜಾಹೀರಾತಿನ ಮಾತು. ‘ನಾಯಿಗಳಿಗೆ ಸ್ವಾಗತ’ ಅಂದರೆ ನಾಯಿ ತಂದರೆ ಮಾಲೀಕರದು ಆಕ್ಷೇಪವಿಲ್ಲ ಎಂದಷ್ಟೇ ಅರ್ಥ. ಆ ಜಾಗ ನಾಯಿಗೆ ಸುರಕ್ಷಿತ ಎಂದು ಯಾರೂ ಪರೀಕ್ಷೆ ಮಾಡಿ ಹೇಳಿದ ಮಾತಲ್ಲ ಅದು. ಕೆಲವರ ಮನಸ್ಸಿನಲ್ಲಿ ಸ್ವಾಗತ ಎಂದರೆ ಜಗಲಿಯ ಕಂಬಕ್ಕೆ ಕಟ್ಟಿಹಾಕುವುದು. ಕೆಲವರು ಒಳಗೆ ಬಿಟ್ಟುಕೊಂಡರೂ ಮಲಗುವ ಕೋಣೆಗೆ ಬಿಡುವುದಿಲ್ಲ. ಇನ್ನು ಕೆಲವರು ಸಣ್ಣ ಜಾತಿಯ ನಾಯಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ, ಮೂವತ್ತು ಕಿಲೋ ತೂಕದ ಲ್ಯಾಬ್ರಡಾರ್ ಇಳಿದಾಗ ಮುಖ ಚಿಕ್ಕದು ಮಾಡುತ್ತಾರೆ. ಹಾಗಾಗಿ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ನಾಯಿ ತರಬಹುದೇ’ ಎಂದಿರಬಾರದು. ‘ರಾತ್ರಿ ನಮ್ಮ ನಾಯಿ ಎಲ್ಲಿ ಮಲಗಬಹುದು?’ ಎಂದು ಕೇಳಿ. ಉತ್ತರದಲ್ಲೇ ಉಳಿದದ್ದೆಲ್ಲ ಗೊತ್ತಾಗುತ್ತದೆ. ನಿಮ್ಮ ಜೊತೆ ಒಂದೇ ಸೂರಿನಡಿ, ನಿಮ್ಮ ಉಸಿರು ಕೇಳಿಸುವಷ್ಟು ಹತ್ತಿರ ಅವಳು ಮಲಗಲಾಗದ ಜಾಗ ಬೆಳ್ಳಿಗೆ ಬೇಡ.

ಇನ್ನೊಂದು ಸಂಗತಿಯನ್ನು ನಾಯಿ ಸಾಕಿದವರೆಲ್ಲ ಮರೆಯುತ್ತಾರೆ. ರಜೆ ನಮಗೆ, ನಾಯಿಗಲ್ಲ. ಐದು ದಿನ ಕಳೆದರೆ ಮನೆಗೆ ಮರಳುತ್ತೇವೆ ಎಂಬುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಪಾಲಿಗೆ ಒಂದು ಬೆಳಿಗ್ಗೆ ಎದ್ದು ಹೊರಟರೆ ಸಂಜೆಗೆ ಇಡೀ ಜಗತ್ತೇ ಬದಲಾಗಿದೆ. ನೆಲದ ವಾಸನೆ ಬೇರೆ, ಬಾಗಿಲಿನ ಸದ್ದು ಬೇರೆ, ಗೋಡೆಯ ಮೂಲೆಯಲ್ಲಿ ಹಿಂದೆ ಬಂದುಹೋದ ಹತ್ತಾರು ನಾಯಿಗಳ ಮೂತ್ರದ ಗುರುತು. ಆ ಜಗತ್ತಿನಲ್ಲಿ ಅವಳಿಗೆ ಪರಿಚಯದ್ದು ಎಂದು ಉಳಿಯುವುದು ನೀವು ಮಾತ್ರ. ನೀವೂ ಬಾಗಿಲು ಹಾಕಿಕೊಂಡು ಹೊರಟರೆ ಅವಳು ಬಾಗಿಲು ಕೆರೆಯದೆ ಇನ್ನೇನು ಮಾಡಬೇಕು? ನೆಂಟರ ಮನೆಯಲ್ಲಿ ಆದದ್ದು ಹಟವೂ ಅಲ್ಲ, ಸೇಡೂ ಅಲ್ಲ. ಅದು ಗಾಬರಿ.

ಇನ್ನು ಜಾಗದ ವಿಚಾರ. ಕಾಟೇಜು ಹುಡುಕುವಾಗ ಎಲ್ಲರೂ ಹಾಸಿಗೆ, ಕಿಟಕಿಯಿಂದ ಕಾಣುವ ನೋಟ, ಅಡುಗೆಮನೆ ನೋಡುತ್ತಾರೆ. ನಾಯಿ ಇರುವವರು ನೋಡಬೇಕಾದ್ದು ಬೇಲಿ. ‘ಸುತ್ತ ಬೇಲಿ ಇದೆ’ ಎಂದು ಮಾಲೀಕರು ನಿಜವನ್ನೇ ಹೇಳುತ್ತಿರಬಹುದು. ಆದರೆ ದನ ಒಳಗೆ ಬರದಂತೆ ಹಾಕಿದ ಬೇಲಿಯೇ ಬೇರೆ, ನಾಯಿ ಹೊರಗೆ ಹೋಗದಂತೆ ಇರುವ ಬೇಲಿಯೇ ಬೇರೆ. ದನದ ಬೇಲಿಯ ಕೆಳತಂತಿಗೂ ನೆಲಕ್ಕೂ ನಡುವೆ ಒಂದು ಮೊಳ ಸಂದು ಇರುತ್ತದೆ, ಲ್ಯಾಬ್ರಡಾರ್ ಹೊಟ್ಟೆ ನೆಲಕ್ಕೆ ಹಚ್ಚಿ ಅದರಡಿ ನುಸುಳುವುದಕ್ಕೆ ಎರಡು ಕ್ಷಣ ಸಾಕು. ಮಾಲೀಕರ ಹತ್ತಿರ ಫೋಟೋ ಕೇಳಬೇಡಿ, ಬೇಲಿಯ ಉದ್ದಕ್ಕೂ ನಡೆಯುತ್ತಾ ಕೆಳಭಾಗ ಕಾಣುವಂತೆ ಒಂದು ವಿಡಿಯೋ ಮಾಡಿ ಕಳಿಸುತ್ತೀರಾ ಎಂದು ಕೇಳಿ. ಗೇಟಿನ ಅಡಿ, ಗೇಟಿಗೂ ಕಂಬಕ್ಕೂ ನಡುವಿನ ಸಂದು, ಮಳೆನೀರು ಹೊರಗೆ ಹರಿಯಲು ಬಿಟ್ಟ ಕಿಂಡಿ, ಈ ಮೂರನ್ನು ತೋರಿಸಲೇಬೇಕು. ಬೇಲಿಗೆ ವಿದ್ಯುತ್ ತಂತಿ ಇದೆಯೇ ಎಂಬುದನ್ನೂ ಬಾಯಿಬಿಟ್ಟು ಕೇಳಿ. ಒದ್ದೆ ಮೂಗು ತಗುಲಿ ಶಾಕ್ ಹೊಡೆದರೆ ನಾಯಿ ಬೆದರಿ, ದಿಕ್ಕು ನೋಡದೆ ಓಡಿಬಿಡುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ನನ್ನ ನಾಯಿ ಕಾಳನನ್ನು ಇಂಥದೇ ಒಂದು ಮನೆಗೆ ಕರೆದುಕೊಂಡು ಹೋಗಿದ್ದೆ. ಹಿತ್ತಿಲ ಗೇಟಿನ ಒಂದು ಸರಳು ಮುರಿದಿತ್ತು, ಆ ಜಾಗಕ್ಕೆ ಅಡ್ಡಲಾಗಿ ಒಂದು ಹೂಕುಂಡ ಇಟ್ಟಿದ್ದರು. ನಾನು ನೋಡಿದೆ, ಸಾಕಾದೀತು ಅಂದುಕೊಂಡೆ. ಸಂಜೆ ಆರರ ಹೊತ್ತಿಗೆ ಚೀಲ ಬಿಚ್ಚುತ್ತಿರುವಾಗ ಹೊರಗೆ ಸದ್ದಿಲ್ಲ ಅನ್ನಿಸಿ ಹೋಗಿ ನೋಡಿದರೆ ಕುಂಡ ಮಗುಚಿತ್ತು, ಮಣ್ಣು ಚೆಲ್ಲಿತ್ತು, ಮಣ್ಣಿನ ಮೇಲೆ ಅವನ ಒಂದೇ ಒಂದು ಹೆಜ್ಜೆ ಮೂಡಿತ್ತು. ಕತ್ತಲಾಗುವವರೆಗೆ ಕೂಗುತ್ತಾ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಬೆವರಿದ್ದ ನನ್ನ ಅಂಗಿಯನ್ನೂ ಅವನ ಹಾಸುಬಟ್ಟೆಯನ್ನೂ ಗೇಟಿನ ಹೊರಗೆ ನೆಲದ ಮೇಲೆ ಹಾಸಿ, ಜಗಲಿಯ ದೀಪ ಆರಿಸಿ ಸುಮ್ಮನೆ ಕೂತೆ. ರಾತ್ರಿ ಹತ್ತೂವರೆಗೆ ಬಂದು ಆ ಅಂಗಿಯ ಮೇಲೆ ಮುದುರಿ ಮಲಗಿದ. ಮೈಯೆಲ್ಲ ನಡುಗುತ್ತಿತ್ತು. ಆ ನಾಲ್ಕೂವರೆ ಗಂಟೆಯನ್ನು ನಾನು ಯಾರಿಗೂ ಬಯಸುವುದಿಲ್ಲ.

ಆದ್ದರಿಂದ ಬೇಲಿ ಎಷ್ಟೇ ಗಟ್ಟಿಯಾಗಿ ಕಂಡರೂ ಮೊದಲ ಎರಡು ದಿನ ಬೆಳ್ಳಿ ಹೊರಗೆ ಕಾಲಿಡುವುದು ಹಗ್ಗದ ಜೊತೆಗೇ. ಕೊರಳಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚಿಕೊಳ್ಳುತ್ತದೆ, ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಳ್ಳಿ. ಐದರಿಂದ ಹತ್ತು ಮೀಟರ್ ಉದ್ದದ ಹಗ್ಗ ಅದಕ್ಕೆ ಕಟ್ಟಿದರೆ ಅವಳಿಗೆ ಓಡಾಟವೂ ಸಿಗುತ್ತದೆ, ನಿಮ್ಮ ಕೈಯಲ್ಲೂ ಇರುತ್ತಾಳೆ. ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಮಾತ್ರ ಕಟ್ಟಬೇಡಿ, ಓಡಿ ಹಗ್ಗ ಮುಗಿದಾಗ ಕುತ್ತಿಗೆಗೆ ಬೀಳುವ ಪೆಟ್ಟು ಸಣ್ಣದಲ್ಲ.

ಮೈಕ್ರೋಚಿಪ್ ಹಾಕಿಸಿದ್ದೇವೆ, ಕಳೆದುಹೋದರೂ ಸಿಗುತ್ತಾಳೆ ಎಂದು ಧೈರ್ಯವಾಗಿರುವವರನ್ನು ಕಂಡಿದ್ದೇನೆ. ಚಿಪ್ಪು ಜಿಪಿಎಸ್ ಅಲ್ಲ. ಅಕ್ಕಿಕಾಳಿನಷ್ಟು ದೊಡ್ಡ ಅದರಲ್ಲಿ ಬ್ಯಾಟರಿಯೇ ಇಲ್ಲ. ಯಾರಾದರೂ ಅವಳನ್ನು ಹಿಡಿದು, ಸ್ಕ್ಯಾನರ್ ಇರುವ ಕಡೆಗೆ ಒಯ್ದು, ಭುಜದ ಮೇಲೆ ಆಡಿಸಿದಾಗ ಹದಿನೈದು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಆ ಸಂಖ್ಯೆಯ ಜೊತೆ ನೋಂದಣಿಯಲ್ಲಿ ನಿಮ್ಮ ಹಳೆಯ ಫೋನ್ ನಂಬರ್ ಇದ್ದರೆ ಅದೂ ವ್ಯರ್ಥ. ಚಿಪ್ಪು ಇರಲಿ, ನಂಬರನ್ನು ಸರಿಪಡಿಸಿಕೊಳ್ಳಿ. ಅದರ ಮೇಲೆ, ಕೊರಳಪಟ್ಟಿಗೆ ಒಂದು ಬಿಲ್ಲೆ ಕಟ್ಟಿ, ಪ್ರವಾಸದಲ್ಲಿ ಕೈಗೆ ಸಿಗುವ ಎರಡು ಫೋನ್ ನಂಬರ್ ಅದರಲ್ಲಿರಲಿ. ದಾರಿಯಲ್ಲಿ ಸಿಕ್ಕಿದ ನಾಯಿಯನ್ನು ಹಿಡಿದವರು ಮೊದಲು ನೋಡುವುದು ಕತ್ತನ್ನೇ.

ಈಗ ಮನೆಯೊಳಗಿನ ಅಪಾಯ. ಹಳ್ಳಿಗಾಡಿನ, ಅದರಲ್ಲೂ ವರ್ಷದ ಅರ್ಧ ಭಾಗ ಬೀಗ ಹಾಕಿರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಇಲಿ ಇದ್ದಲ್ಲಿ ಇಲಿ ಪಾಷಾಣವೂ ಇರುತ್ತದೆ. ರಜೆ ಮುಗಿಸಿ ಬಂದು ಮೂರನೆಯ ದಿನ ಒಂದು ನಾಯಿಯನ್ನು ನನ್ನ ಹತ್ತಿರ ತಂದರು. ಊಟ ಬಿಟ್ಟಿದೆ, ಸುಸ್ತಾಗಿ ಮಲಗಿದೆ, ಪ್ರಯಾಣದ ದಣಿವಿರಬೇಕು ಎಂದರು. ತುಟಿ ಎತ್ತಿ ನೋಡಿದರೆ ಒಸಡು ಕಾಗದದಷ್ಟು ಬಿಳುಚಿಕೊಂಡಿತ್ತು. ‘ಅಲ್ಲಿ ಫ್ರಿಜ್ಜಿನ ಹಿಂದೆ ಏನಾದರೂ ಮೂಸುತ್ತಿತ್ತೇ?’ ಎಂದು ಕೇಳಿದೆ. ಮನೆಯ ಹುಡುಗಿ ಒಂದು ಕ್ಷಣ ಯೋಚಿಸಿ, ನೀಲಿ ಬಣ್ಣದ ಸೋಪಿನ ತುಂಡಿನಂಥದ್ದು ಕಚ್ಚಿಕೊಂಡು ಬಂದಿತ್ತು, ಕಿತ್ತುಕೊಂಡು ಎಸೆದೆ ಎಂದಳು. ಉಳಿದದ್ದು ಅಷ್ಟರಲ್ಲಿ ಹೊಟ್ಟೆ ಸೇರಿತ್ತು.

ಬ್ರೋಡಿಫೇಕಮ್, ಬ್ರೋಮಾಡಿಯೋಲೋನ್ ಎಂಬ ಹೆಸರಿನ ಈ ಪಾಷಾಣಗಳು ತಿಂದ ದಿನ ಏನನ್ನೂ ತೋರಿಸುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಮರುಬಳಕೆಯನ್ನು ದೇಹದಲ್ಲಿ ನಿಲ್ಲಿಸುತ್ತವೆ. ಇದ್ದ ದಾಸ್ತಾನು ಮುಗಿಯುವವರೆಗೆ ನಾಯಿ ಆಡಿಕೊಂಡೇ ಇರುತ್ತದೆ, ಎರಡರಿಂದ ಐದು ದಿನದೊಳಗೆ ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ. ಬೇಗ ಗೊತ್ತಾದರೆ ಕೆ1 ಜೀವಸತ್ವ ಕೊಟ್ಟು ಉಳಿಸಿಕೊಳ್ಳಬಹುದು, ಆದರೆ ಅದನ್ನು ವಾರಗಟ್ಟಲೆ ಕೊಡಬೇಕು. ನಾನು ಹೇಳಿದ ನಾಯಿ ಬದುಕಿತು, ರಕ್ತ ಕೊಡಬೇಕಾಯಿತು. ಇನ್ನೊಂದು ಬಗೆಯದು ಸತುವಿನ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲದ ಜೊತೆ ಸೇರಿ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಅದನ್ನು ತಿಂದ ನಾಯಿ ಕಾರಿನಲ್ಲಿ ವಾಂತಿ ಮಾಡಿದರೆ ಆ ಗಾಳಿ ನಿಮಗೂ ಅಪಾಯ, ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಆಸ್ಪತ್ರೆಗೆ ಓಡಬೇಕು. ತೋಟದಲ್ಲಿ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಹರಳೂ ಬಹಳ ಬೇಗ ಕೆಲಸ ಮಾಡುತ್ತದೆ, ಕೆಲವೇ ಗಂಟೆಯಲ್ಲಿ ನಡುಕ, ಸೆಳೆತ ಬರುತ್ತದೆ.

ಲ್ಯಾಬ್ರಡಾರ್ ಸಾಕಿದವರು ಇದಕ್ಕೆ ಎರಡು ಪಟ್ಟು ಹೆದರಬೇಕು. ಈ ಜಾತಿಯ ಹೊಟ್ಟೆಬಾಕತನಕ್ಕೆ ದೇಹದಲ್ಲೇ ಒಂದು ಕಾರಣವಿದೆ. ಹಸಿವು ತಣಿಯಿತು ಎಂಬ ಸಂದೇಶ ಮಿದುಳಿಗೆ ಮುಟ್ಟಿಸುವ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕು ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಇರುವುದಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಹಾಗಾಗಿ ಮಾಲೀಕರನ್ನು ‘ಪಾಷಾಣ ಇಟ್ಟಿದ್ದೀರಾ?’ ಎಂದು ಕೇಳಿ ಸುಮ್ಮನಾಗಬೇಡಿ, ಇಟ್ಟಿದ್ದರೆ ಯಾವುದು ಎಂದು ಹೆಸರು ಕೇಳಿ, ನಾವು ಬರುವ ಮೊದಲು ತೆಗೆಸಿ ಎನ್ನಿ. ತಲುಪಿದ ಮೇಲೆ, ಬೆಳ್ಳಿ ಕಾರಿನಲ್ಲಿ ಯಾರದೋ ಜೊತೆ ಇರುವಾಗಲೇ, ನಿಮ್ಮಲ್ಲೊಬ್ಬರು ಒಳಗೆ ಹೋಗಿ ನೆಲಕ್ಕೆ ಮೊಣಕಾಲೂರಿ ಟಾರ್ಚ್ ಹಿಡಿದು ನೋಡಬೇಕು. ಸಿಂಕಿನ ಅಡಿ, ಫ್ರಿಜ್ಜಿನ ಹಿಂದೆ, ಮಂಚದ ಕೆಳಗೆ, ಸೌದೆ ರಾಶಿಯ ಮಗ್ಗುಲು. ನಾಯಿಯ ಕಣ್ಣಿನ ಎತ್ತರಕ್ಕೆ ಇಳಿಯದೆ ಇದು ಕಾಣುವುದಿಲ್ಲ. ಏನಾದರೂ ತಿಂದಳು ಎಂದು ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯಬೇಡಿ, ಪೊಟ್ಟಣದ ಜೊತೆಗೇ ವೈದ್ಯರ ಹತ್ತಿರ ಹೋಗಿ. ಮನೆಮದ್ದು ಹಾಕಿ ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಬೇಡ.

ಬೀಗ ಹಾಕಿದ ಮನೆಯ ಇನ್ನೊಂದು ಕಾಟ ಚಿಗಟ. ಹಿಂದಿನ ಅತಿಥಿಯ ನಾಯಿಯಿಂದ ಉದುರಿದ ಮೊಟ್ಟೆ ಕಾರ್ಪೆಟ್ಟಿನ ನೂಲಿನೊಳಗೆ ಮರಿಹುಳುವಾಗಿ, ಗೂಡು ಕಟ್ಟಿ, ತಿಂಗಳುಗಟ್ಟಲೆ ಹಾಗೇ ಕಾದಿರಬಲ್ಲದು. ಮನೆ ಖಾಲಿ ಇರುವಷ್ಟು ಕಾಲ ಹೊರಗೆ ಬರುವುದಿಲ್ಲ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಗುಲಿದ್ದೇ ತಡ, ಒಟ್ಟಿಗೆ ಒಡೆದು ಹಾರುತ್ತವೆ. ನೀವು ಬಾಗಿಲು ತೆಗೆದ ಅರ್ಧ ಗಂಟೆಯಲ್ಲೇ ಕಾಲಿಗೆ ಚಿಗಟ ಹತ್ತುವುದು ಇದರಿಂದ. ಗುಡಿಸಿ ಒರೆಸಿ ಹೊಳೆಯುವ ಮನೆಯಲ್ಲೂ ಹೀಗಾಗಬಹುದು, ಮಾಲೀಕರನ್ನು ದೂರಿ ಫಲವಿಲ್ಲ. ಕಾರ್ಪೆಟ್ಟು ಕಡಿಮೆ ಇರುವ ಮನೆ ಆರಿಸಿ, ಬೆಳ್ಳಿಗೆ ಮೊದಲೇ ಔಷಧಿ ಹಾಕಿಸಿ.

ಉಣ್ಣೆಗೂ ಚಿಗಟಕ್ಕೂ ಒಟ್ಟಿಗೆ ಕೆಲಸ ಮಾಡುವ ಮಾತ್ರೆಗಳಿವೆ. ಅಫಾಕ್ಸೊಲೇನರ್, ಸರೋಲೇನರ್ ಒಂದು ತಿಂಗಳು ಕಾಯುತ್ತವೆ, ಫ್ಲುರಲೇನರ್ ಚಿಗಟಕ್ಕೆ ಸುಮಾರು ಹನ್ನೆರಡು ವಾರ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಈ ಗುಂಪಿನ ಮಾತ್ರೆ ಬರೆಸುವ ಮೊದಲು ವೈದ್ಯರಿಗೆ ಹೇಳಲೇಬೇಕು. ಮಾತ್ರೆ ಕೊಟ್ಟ ಮೇಲೂ ದಿನಕ್ಕೆರಡು ಸಲ ಮೈ ತಡವಬೇಕು, ಏಕೆಂದರೆ ಉಣ್ಣೆ ಕಚ್ಚಿ ರಕ್ತ ಹೀರಿದ ಮೇಲೆಯೇ ಇವು ಕೊಲ್ಲುವುದು. ಎರ್ಲಿಕಿಯಾದಂಥ ಕೆಲವು ರೋಗಾಣು ಕಚ್ಚಿದ ಕೆಲವೇ ಗಂಟೆಯಲ್ಲಿ ದಾಟಬಲ್ಲವು. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳ ಸಂದು, ಬಾಲದ ಬುಡ, ಇಲ್ಲೆಲ್ಲ ಬೆರಳ ತುದಿಯಲ್ಲಿ ಒತ್ತಿ ನೋಡಿ, ಮೆಣಸಿನಕಾಳಿನ ಹಾಗೆ ಕೈಗೆ ಸಿಗುತ್ತದೆ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ತಪ್ಪು, ಉಣ್ಣೆ ಸಾಯುವ ಮೊದಲು ತನ್ನ ಜೊಲ್ಲನ್ನೆಲ್ಲ ನಾಯಿಯೊಳಗೆ ಬಿಡುತ್ತದೆ. ಒಣ ಹುಲ್ಲಿನ ಚೂಪಾದ ಕಾಳುಗಳೂ ಹೀಗೇ ಬೆರಳ ಸಂದಿಗೆ, ಕಿವಿಗೆ ಹೊಕ್ಕು ಒಳಕ್ಕೇ ಸರಿಯುತ್ತಾ ಹೋಗುತ್ತವೆ. ನಡೆದು ಬಂದ ಮೇಲೆ ಒಂದೇ ಕಾಲನ್ನು ಬಿಡದೆ ನೆಕ್ಕುತ್ತಿದ್ದರೆ ಆ ಕಾಲನ್ನು ಬಿಡಿಸಿ ನೋಡಿ.

ಪಕ್ಕದಲ್ಲಿ ದನ ಮೇಯುತ್ತವೆ ಎಂದಿದ್ದೀರಿ. ಇಲ್ಲಿ ನಾಯಿಯನ್ನು ಕಾಪಾಡುವುದರ ಜೊತೆಗೆ ನಾಯಿಯಿಂದ ಕಾಪಾಡುವುದೂ ನಿಮ್ಮ ಜವಾಬ್ದಾರಿ. ಬೆಳ್ಳಿ ಕಚ್ಚದಿರಬಹುದು, ಆಟಕ್ಕೆಂದು ಅಟ್ಟಿಸಿಕೊಂಡು ಹೋದರೂ ಗಬ್ಬದ ದನ, ಕುರಿ ಬೆದರಿ ಓಡಿ ಕಂದು ಹಾಕಬಹುದು. ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಅವಳ ಮಲ. ನಿಯೋಸ್ಪೋರಾ ಕೆನೈನಮ್ ಎಂಬ ಪರೋಪಜೀವಿಗೆ 1988ರಲ್ಲಿ ಹೆಸರಿಟ್ಟರು, ಅದು ನಾಯಿಯ ಕರುಳಿನಲ್ಲಿ ಬೆಳೆದು ಮಲದಲ್ಲಿ ಹೊರಬೀಳುತ್ತದೆ ಎಂಬುದು ಖಚಿತವಾದದ್ದು 1998ರಲ್ಲಿ. ಆ ಮಲ ಬಿದ್ದ ಹುಲ್ಲು ಮೇದ ಹಸುವಿಗೆ ಸೋಂಕು ತಗುಲಿ ನಾಲ್ಕೈದು, ಆರನೇ ತಿಂಗಳಿನಲ್ಲಿ ಕರು ಬಿದ್ದುಹೋಗಬಹುದು. ನಾಯಿ ನೋಡಲು ಆರೋಗ್ಯವಾಗೇ ಇರುತ್ತದೆ. ಅದಕ್ಕೇ ‘ಹೊಲ ತಾನೇ, ಗೊಬ್ಬರವಾಗುತ್ತದೆ’ ಎಂದು ಬಿಟ್ಟುಬರಬೇಡಿ, ಬೀದಿಯಲ್ಲಿ ಎತ್ತುವಂತೆಯೇ ಹುಲ್ಲುಗಾವಲಿನಲ್ಲೂ ಎತ್ತಿ ಚೀಲಕ್ಕೆ ಹಾಕಿಕೊಳ್ಳಿ. ಹಸಿ ಮಾಂಸ, ಕರು ಹಾಕಿದ ಜಾಗದ ಕಸ ಅವಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ನಾಯಿಗೆ ಅದು ಹತ್ತುವುದು ಹಾಗೆಯೇ. ಹೊರಡುವ ಮುನ್ನ ಲಾಡಿಹುಳುವಿಗೂ ಔಷಧಿ ಹಾಕಿಸಿ, ಕುರಿಗಳಿಗೆ ದಾಟುವ ಹುಳುಗಳಿವೆ.

ಕರು ಜೊತೆಗಿರುವ ಹಸುಗಳ ನಡುವೆ ಹಾದುಹೋಗಬೇಡಿ, ಸುತ್ತು ಬಳಸಿಯೇ ಹೋಗಿ. ಹಸು ನುಗ್ಗಿಬರುವುದು ನಿಮ್ಮ ಮೇಲಲ್ಲ, ನಾಯಿಯ ಮೇಲೆ. ಅಂಥ ಹೊತ್ತಿನಲ್ಲಿ ನಾಯಿಯನ್ನು ಎಳೆದು ಹತ್ತಿರ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ, ಹಾಗೆ ಮಾಡಿದವರೇ ಕೊಂಬಿಗೂ ಗೊರಸಿಗೂ ಸಿಕ್ಕುವುದು. ಹಗ್ಗ ಬಿಟ್ಟುಬಿಡಿ. ಬೆಳ್ಳಿ ಹಸುವಿಗಿಂತ ವೇಗವಾಗಿ ಓಡುತ್ತಾಳೆ, ನೀವು ಓಡಲಾರಿರಿ.

ಮಾಲೀಕರಿಗೆ ತಮ್ಮದೇ ನಾಯಿ ಇದೆಯೇ, ಅದು ಕಟ್ಟಿರುತ್ತದೆಯೋ ಬಿಟ್ಟಿರುತ್ತದೆಯೋ ಎಂದೂ ಕೇಳಿಕೊಳ್ಳಿ. ತೋಟ ಕಾಯುವ ನಾಯಿಗೆ ಅತಿಥಿ ಎಂಬ ಲೆಕ್ಕವಿಲ್ಲ. ಇದ್ದರೆ ಮೊದಲ ಭೇಟಿ ಗೇಟಿನೊಳಗೆ ಬೇಡ, ಎರಡನ್ನೂ ಹಗ್ಗದಲ್ಲಿ ಹಿಡಿದು ರಸ್ತೆಯಲ್ಲಿ ಅಕ್ಕಪಕ್ಕ ಸ್ವಲ್ಪ ದೂರ ನಡೆಸಿ ಒಳಗೆ ಬನ್ನಿ. ತೆರೆದ ಬಾವಿ, ನೀರಿನ ತೊಟ್ಟಿ, ಈಜುಕೊಳ ಇದ್ದರೆ ಬೆಳ್ಳಿಗೆ ಈಜು ಬರುತ್ತದೆ ಎಂದು ನಂಬಿ ಕೂರಬೇಡಿ. ಈಜು ಬಲ್ಲ ನಾಯಿ ಸಾಯುವುದು ಮೇಲೆ ಹತ್ತುವ ದಾರಿ ಸಿಗದೆ, ದಣಿದು. ಹಸಿರು ಬಣ್ಣ ಬಳಿದಂತೆ ಪಾಚಿ ಕೆನೆಗಟ್ಟಿರುವ ಕೆರೆ, ಹೊಂಡಕ್ಕಂತೂ ಇಳಿಸಲೇಬೇಡಿ. ಅದರಲ್ಲಿ ನೀಲಿ-ಹಸಿರು ಪಾಚಿ ಇದ್ದರೆ ನೀರು ಕುಡಿದ ನಾಯಿ ಕೆಲವು ಗಂಟೆಯಲ್ಲೇ ತೀರಿಹೋಗಬಹುದು.

ಊಟಕ್ಕೆ ಹೋಗುವಾಗ ಬಿಟ್ಟು ಹೋಗಬಹುದೇ ಎಂಬ ನಿಮ್ಮ ಪ್ರಶ್ನೆಗೆ ಮೊದಲೇ ಇಲ್ಲ ಎಂದೆ. ಮನೆಯಲ್ಲಿ ಒಂಟಿಯಾಗಿ ಆರಾಮವಾಗಿರುವ ನಾಯಿಯೂ ಹೊಸ ಜಾಗದಲ್ಲಿ ಮೊದಲ ದಿನಗಳಲ್ಲಿ ಕಂಗಾಲಾಗುತ್ತದೆ, ಬೆಳ್ಳಿಗೆ ಈಗಾಗಲೇ ಒಮ್ಮೆ ಹಾಗಾಗಿದೆ. ಗಾಬರಿಯಾದ ನಾಯಿ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತದೆ, ಕಿಟಕಿಯ ಗಾಜು ಒಡೆದು ಹೊರಗೆ ಬೀಳುತ್ತದೆ. ಬಾಗಿಲಿನ ದುಡ್ಡು ಕಟ್ಟಿಕೊಡಬಹುದು, ಅವಳ ಗಾಬರಿ ಮಾತ್ರ ನಿಮ್ಮ ಜೊತೆ ಮನೆಗೂ ಬರುತ್ತದೆ. ಇಬ್ಬರು ದೊಡ್ಡವರಿದ್ದರೆ ಸರದಿಯಲ್ಲಿ ಹೊರಗೆ ಹೋಗಿ. ಇಲ್ಲವೇ ಅಡುಗೆಮನೆ ಇರುವ ಕಾಟೇಜನ್ನೇ ಹಿಡಿದು ಊಟ ಅಲ್ಲೇ ಮಾಡಿಕೊಳ್ಳಿ.

ಹಾಗಾದರೆ ಕಾರಿನಲ್ಲಿ ಬಿಡೋಣ ಎಂದು ದಯವಿಟ್ಟು ಯೋಚಿಸಬೇಡಿ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆ ಇರುವಾಗ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 34, ಅರ್ಧ ಗಂಟೆಗೆ ಸುಮಾರು 43 ಡಿಗ್ರಿ ಆಗುತ್ತದೆ. ಕಿಟಕಿ ಎರಡು ಬೆರಳು ಇಳಿಸಿದರೆ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗದು. ನಾಯಿಯ ಮೈಬಿಸಿ ಸಹಜವಾಗಿ 38ರಿಂದ 39ರ ಆಸುಪಾಸು, 41 ದಾಟಿತೆಂದರೆ ಒಳಗಿನ ಅಂಗಾಂಗ ಕೆಡಲು ಶುರು. ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗುವ ದಾರಿ ಅವಳಿಗಿಲ್ಲ, ಏದುಸಿರೊಂದೇ.

ಕಾರಿನ ವಾಂತಿಗೆ ಒಳ್ಳೆಯ ಪರಿಹಾರ ಇದೆ. ಮ್ಯಾರೋಪಿಟಂಟ್ ಎಂಬ ಮಾತ್ರೆಯನ್ನು ಹೊರಡುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಕೊಡಬೇಕು, ತೂಕ ನೋಡಿ ನಿಮ್ಮ ವೈದ್ಯರೇ ಬರೆದುಕೊಡಲಿ. ನಮ್ಮ ವಾಂತಿಯ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವುದು ಬೇಡ. ಹೊರಡುವ ದಿನ ಹೊಟ್ಟೆ ತುಂಬ ಉಣಿಸಬೇಡಿ, ನೀರು ಮಾತ್ರ ಕೊಡುತ್ತಿರಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಬಾಗಿಲು ತೆಗೆಯುವ ಮೊದಲು ಹಗ್ಗ ಕೈಗೆ ಸುತ್ತಿಕೊಳ್ಳಿ. ನಾಯಿ ತಪ್ಪಿಸಿಕೊಳ್ಳುವುದು ಇಂಥ ನಿಲುಗಡೆಯಲ್ಲೇ ಹೆಚ್ಚು.

ಹಿಂಗಾಲು ಬಿಗಿಯುವುದನ್ನು ಪ್ರವಾಸಕ್ಕೆ ಮೊದಲೇ ತೋರಿಸಿ. ಏಳು ವರ್ಷದ ಲ್ಯಾಬ್ರಡಾರ್‌ನಲ್ಲಿ ಅದು ಬಹಳ ಮಟ್ಟಿಗೆ ಸೊಂಟದ ಕೀಲಿನ ಸವೆತವೇ ಆಗಿರುತ್ತದೆ. ನುಣುಪು ಟೈಲ್ಸ್ ನೆಲದಲ್ಲಿ ಅವಳ ಹಿಂಗಾಲು ಎರಡೂ ಕಡೆಗೆ ಜಾರುತ್ತದೆ, ನೋವಾಗುತ್ತದೆ. ಮನೆಯಿಂದ ಎರಡು ಜಮಖಾನೆ ಒಯ್ದು ಹಾಸಿಗೆಯಿಂದ ಬಾಗಿಲವರೆಗೆ ಹಾಸಿಕೊಡಿ. ಮಲಗುವ ಕೋಣೆ ಮಹಡಿಯ ಮೇಲಿರುವ ಕಾಟೇಜು ಬೇಡ. ಮೊದಲ ದಿನವೇ ಬೆಟ್ಟ ಹತ್ತಿಸಬೇಡಿ, ಹುಮ್ಮಸ್ಸಿನಲ್ಲಿ ನಿಮಗಿಂತ ಮುಂದೆ ಓಡುತ್ತಾಳೆ, ಮರುದಿನ ಬೆಳಿಗ್ಗೆ ಏಳಲಾರದೆ ನಿಮ್ಮ ಮುಖ ನೋಡುತ್ತಾಳೆ.

ತಲುಪಿದ ಸಂಜೆಯನ್ನು ಬೆಳ್ಳಿಗೆಂದೇ ಮೀಸಲಿಡಿ. ಒಳಗೆ ಕರೆದೊಯ್ಯುವ ಮೊದಲು ಹೊರಗೆ ಹತ್ತು ನಿಮಿಷ ಮೂಸಲು ಬಿಡಿ, ಮೂತ್ರ ಮಾಡಿಕೊಳ್ಳಲಿ. ಆಮೇಲೆ ಹಗ್ಗದಲ್ಲೇ ಒಂದೊಂದು ಕೋಣೆ ತೋರಿಸಿ. ಅವಳ ಹಳೆಯ ಹಾಸುಬಟ್ಟೆಯನ್ನು ಒಗೆಯದೆ ತಂದು, ನೀವು ಮಲಗುವ ಮಂಚದ ಪಕ್ಕ ಹಾಸಿ. ಅದೇ ತಟ್ಟೆ, ಅದೇ ಊಟ, ಅದೇ ಹೊತ್ತು. ಐದು ದಿನಕ್ಕಾಗುವಷ್ಟು ಊಟ ಮನೆಯಿಂದಲೇ ಒಯ್ಯಿರಿ, ಜಾಗದ ಜೊತೆ ಊಟವೂ ಬದಲಾದರೆ ಭೇದಿ ಖಂಡಿತ. ಮೊದಲ ರಾತ್ರಿ ಸಣ್ಣ ಸದ್ದಿಗೂ ತಲೆ ಎತ್ತುತ್ತಾಳೆ. ಗದರಬೇಡಿ, ಮಂಚದಿಂದ ಕೈ ಇಳಿಬಿಟ್ಟು ಅವಳ ಬೆನ್ನ ಮೇಲಿಡಿ.

ಬೋರ್ಡಿಂಗ್ ಕೆಟ್ಟದ್ದಲ್ಲ. ಸಿಡಿಲು ಗುಡುಗಿಗೆ ಅತಿಯಾಗಿ ಹೆದರುವ, ಹೊಸಬರನ್ನು ಕಂಡರೆ ಕಚ್ಚಲು ಹೋಗುವ, ದಿನಕ್ಕೆರಡು ಇಂಜೆಕ್ಷನ್ ಬೇಕಾಗಿರುವ ನಾಯಿಗೆ ಅದೇ ಸರಿ ಎಂದು ನಾನೇ ಹೇಳಿ ಕಳಿಸಿದ್ದೇನೆ. ಬೆಳ್ಳಿಯ ತೊಂದರೆ ಇರುವುದು ನೀವು ಕಾಣದಿರುವುದರಲ್ಲಿ, ಬೋರ್ಡಿಂಗಿನಲ್ಲಿ ಐದು ದಿನ ಅದೇ ಆಗುತ್ತದೆ. ನೀವು ಜೊತೆಗಿದ್ದರೆ ಕಾಟೇಜೇ ಅವಳಿಗೆ ಹಗುರ.

ನಿಮಗೆ ಆರು ವಾರ ಇರುವುದು ಒಳ್ಳೆಯದಾಯಿತು, ಏಕೆಂದರೆ ಇಲಿ ಜ್ವರದ ಲಸಿಕೆಗೆ ಅಷ್ಟು ಸಮಯ ಬೇಕು. ಲೆಪ್ಟೋಸ್ಪೈರಾ ರೋಗಾಣು ಇಲಿಯ ಮೂತ್ರದಿಂದ ನಿಂತ ನೀರಿಗೆ ಸೇರುತ್ತದೆ, ನಾಯಿಗೂ ಬರುತ್ತದೆ, ನಾಯಿಯಿಂದ ನಿಮಗೂ ದಾಟಬಲ್ಲದು. ಅದರ ಲಸಿಕೆಯ ರಕ್ಷಣೆ ಒಂದು ವರ್ಷದ್ದು. ಅವಧಿ ಮೀರಿದ್ದರೆ ಎರಡು ಸಲ, ಮೂರು ನಾಲ್ಕು ವಾರದ ಅಂತರದಲ್ಲಿ ಹಾಕಿಸಬೇಕು, ಎರಡನೆಯದು ಪೂರ್ತಿ ಹಿಡಿಯಲು ಮತ್ತೆರಡು ವಾರ. ಅಂದರೆ ಮೊದಲನೆಯದನ್ನು ಈ ವಾರವೇ ಹಾಕಿಸಬೇಕು. ರೇಬೀಸ್ ಲಸಿಕೆಯ ತಾರೀಖನ್ನೂ ಅದೇ ಭೇಟಿಯಲ್ಲಿ ನೋಡಿಸಿ, ಕಾಲನ್ನೂ ತೋರಿಸಿ, ವಾಂತಿಯ ಮಾತ್ರೆ ಬರೆಸಿಕೊಂಡು ಒಮ್ಮೆ ಸಣ್ಣ ಪ್ರಯಾಣದಲ್ಲಿ ಕೊಟ್ಟು ನೋಡಿ. ಎರಡನೆಯ ವಾರದಿಂದ ಹಾರ್ನೆಸ್ ರೂಢಿಯಾಗಲಿ. ನಾಲ್ಕನೆಯ ವಾರ ಯಾರಾದರೂ ಸ್ನೇಹಿತರ ಮನೆಯಲ್ಲಿ ಅವಳ ಜೊತೆ ಒಂದು ರಾತ್ರಿ ಮಲಗಿ ಬನ್ನಿ, ಹಾಸುಬಟ್ಟೆಯೂ ಜೊತೆಗಿರಲಿ. ಕೊನೆಯ ವಾರ ಉಣ್ಣೆಯ ಮಾತ್ರೆ, ಹುಳುವಿನ ಔಷಧಿ. ಮತ್ತೆ ಕಾಟೇಜಿನವರಿಗೆ ಇನ್ನೊಮ್ಮೆ ಫೋನ್ ಮಾಡಿ, ಅಲ್ಲಿಂದ ಹತ್ತಿರದ ಪಶುವೈದ್ಯರು ಯಾರು, ಎಷ್ಟು ದೂರ, ರಾತ್ರಿ ಕರೆದರೆ ಸಿಗುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಆ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ, ಯಾರಾದರೂ ಎತ್ತುತ್ತಾರೆಯೇ ನೋಡಿ.